ಸೈಕಲ್ ಸೀಟು ಎಷ್ಟು ಎತ್ತರ ಇಟ್ಟರೆ ಸರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಅರ್ಧ ಗಂಟೆ ತುಳಿದರೆ ಮಂಡಿಯ ಮುಂಭಾಗ ನೋಯುತ್ತದೆ, ಅಂಗೈಗೆ ಜೋಮು ಹಿಡಿಯುತ್ತದೆ. ಸೀಟು ಏರಿಸಬೇಕಾ, ಹಿಂದಕ್ಕೆ ತಳ್ಳಬೇಕಾ?

ಉತ್ತರ 1: ನಾನು ಎರಡು ವರ್ಷ ಸೀಟು ತಗ್ಗಿಸಿಕೊಂಡೇ ಓಡಿಸಿದೆ. ನಿಲ್ಲಿಸಿದಾಗ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನೋ ಹಠ. ಕೊನೆಗೆ ಮೆಟ್ಟಿಲು ಇಳಿಯೋಕೂ ಗೋಡೆ ಹಿಡಿಯಬೇಕಾಯಿತು. ಆರು ವಾರ ಸೈಕಲ್ ಮುಟ್ಟಲಿಲ್ಲ. ಆಮೇಲೆ ಅಮೆರಿಕದ ಸೈಕಲ್ ರೇಸ್ ಪಟು ಗ್ರೆಗ್ ಲೆಮಾಂಡ್ ಹೆಸರಿನ ಲೆಕ್ಕ ಹಿಡಿದೆ. ಕಾಲಿನ ಒಳಅಳತೆ (ತೊಡೆಸಂದಿಯಿಂದ ನೆಲಕ್ಕೆ) 80 ಸೆಂ.ಮೀ., 0.883ರಿಂದ ಗುಣಿಸಿದರೆ 70.6. ಕ್ರ್ಯಾಂಕ್, ಅಂದರೆ ಪೆಡಲು ಹಿಡಿದ ತೋಳು, ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಅಷ್ಟೇ ಇಟ್ಟೆ. ಇವತ್ತಿಗೂ ಒಂದು ಮಿಲಿಮೀಟರ್ ಕದಲಿಸಿಲ್ಲ. ಲೆಕ್ಕ ನಂಬಿ.

ಉತ್ತರ 2: ನನ್ನ ಕಾಲು ಕೆಡಿಸಿದ್ದೇ ಆ ಲೆಕ್ಕ. ಅದರಲ್ಲಿ ಕ್ರ್ಯಾಂಕಿನ ಉದ್ದ ಎಲ್ಲಿದೆ? ನನ್ನದು 175 ಮಿ.ಮೀ. 170ರವರಿಗಿಂತ ಪೆಡಲು 5 ಮಿ.ಮೀ. ಕೆಳಗೆ ಹೋಗುತ್ತದೆ. ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಿತ್ತು, ಮಂಡಿಯ ಹಿಂದೆ ಸೆಳೆತ. ಮೂರು ತಿಂಗಳು ಹೋಯಿತು. ಹಿಮ್ಮಡಿ ಪೆಡಲಿನ ಮೇಲಿಟ್ಟು, ಪೆಡಲು ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗುವಷ್ಟಕ್ಕೆ ಇಳಿಸಿದೆ. ಒಟ್ಟು 12 ಮಿ.ಮೀ., ಒಂದೊಂದು ಸಲಕ್ಕೆ ಮೂರೇ ಮೂರು. ಪ್ರತಿ ಸಲ ಸೀಟು ಹೊತ್ತ ಕೊಳವೆಗೆ ಟೇಪ್ ಸುತ್ತಿ ಗುರುತು ಮಾಡಿದೆ.

ಉತ್ತರ 1: ನೀವು ಶೂ ಹಾಕಿಕೊಂಡು ಅಳೆದಿರಬೇಕು. ಲೆಕ್ಕದ ಮೇಲೆ ತಪ್ಪು ಹೊರಿಸಬೇಡಿ.

ಉತ್ತರ 2: ಬರಿಗಾಲು, ಗೋಡೆಗೆ ಬೆನ್ನು, ತೊಡೆಸಂದಿಗೆ ದಪ್ಪ ಪುಸ್ತಕ. ಮೂರು ಸಲ ಅಳೆದಿದ್ದೇನೆ. ಗೊತ್ತಿಲ್ಲದೆ ಮಾತಾಡಬೇಡಿ.

ಉತ್ತರ 3: ಇಬ್ಬರೂ ಎತ್ತರಕ್ಕೇ ಜೋತುಬಿದ್ದಿದ್ದೀರಿ. ಜೋಮಿನ ಮಾತೇ ಇಲ್ವಲ್ಲ! ನಾನು ಸೀಟಿನ ಮೂತಿ ಕೆಳಗೆ ಬಾಗಿಸಿದ್ದೆ. ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬಿತ್ತು. ಕಿರುಬೆರಳು ವಾರಗಟ್ಟಲೆ ಮರಗಟ್ಟಿತ್ತು, ಅಂಗಿ ಗುಂಡಿ ಹಾಕೋಕೆ ಆಗ್ತಿರಲಿಲ್ಲ. ರಸಮಟ್ಟ ಇಟ್ಟು ಸೀಟು ಸಮ ಮಾಡಿದೆ, ಜೋಮು ಹೋಯಿತು. ಅದಕ್ಕೂ ಮುಂಚೆ ಎರಡು ಸೀಟು, ಒಂದು ಜೆಲ್ ಕವರ್‌ಗೆ ದುಡ್ಡು ಸುರಿದಿದ್ದೆ. ಮೂರೂ ಮೂಲೆಯಲ್ಲಿವೆ. ರಟ್ಟಿನ ಮೇಲೆ ಕೂತು ಎದ್ದಾಗ ಬಿದ್ದ ಎರಡು ಕುಳಿಗಳ ನಡುವೆ 13 ಸೆಂ.ಮೀ. ಇತ್ತು. ಆ ಕುಳಿ ಒತ್ತಿದ ಕೂರುವ ಮೂಳೆಗಳಿಗೆ ಆಸರೆಯಾಗುವಷ್ಟು ಅಗಲದ ಸೀಟು ಬೇಕಿತ್ತು, ಮೆತ್ತನೆಯದಲ್ಲ.

ಉತ್ತರ 4: ಮೇಡಂ, ಜೆಲ್ ಕವರ್ ಬೈಯಬೇಡಿ. ಐದು ವರ್ಷದಿಂದ ಅದರ ಮೇಲೇ ಕೂರುತ್ತೇನೆ.

ಉತ್ತರ 3: ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರುತ್ತೀರಿ ಸರ್? ನನಗೆ ಎರಡು ಗಂಟೆಗೆ ಮೂಳೆ ಜೆಲ್ಲಿನೊಳಗೆ ಇಳಿದು, ನಡುವಿನ ಉಬ್ಬು ಸೂಕ್ಷ್ಮ ಜಾಗಕ್ಕೆ ಒತ್ತುತ್ತಿತ್ತು. ಹೇಳಿಕೊಳ್ಳೋಕೂ ಆಗದ ನೋವು ಅದು.

ಉತ್ತರ 4: ನಲವತ್ತು ನಿಮಿಷ. ನನಗೆ ಅಷ್ಟೇ ಸಾಕು. ಎಲ್ಲರೂ ನೂರು ಕಿಲೋಮೀಟರ್ ಹೋಗಲ್ಲ.

ಉತ್ತರ 2: ಕವರಿನ ದಪ್ಪ ಸೀಟಿನ ಎತ್ತರಕ್ಕೆ ಸೇರಿಸಿದ್ದೀರಾ?

ಉತ್ತರ 1: ನೋಡಿ, ಈಗ ಇವರೇ ಲೆಕ್ಕಕ್ಕೆ ಬಂದರು!