ಮಾರ್ಟಿನಿ ಗ್ಲಾಸಿನ ಮಗ್ಗಿ

"ನೋಡಿ ಹೇಳಿ, ಇವರಲ್ಲಿ ಯಾರು ದೊಡ್ಡವನು?" ಎಂದು ಶ್ರೀಪಾದ ಮೊಬೈಲನ್ನು ಮೇಜಿನ ನಡುವೆ ಇಟ್ಟ. ಜೇಮ್ಸ್ ಬಾಂಡ್ ಸರಣಿಯ 25 ಚಿತ್ರಗಳನ್ನೂ ಒಂದೇ ಹಾಳೆಯಲ್ಲಿ ಅರೆದು ಕುಡಿಸುವ ಇನ್ಫೋಗ್ರಾಫಿಕ್. ಕಪ್ಪು ಹಿನ್ನೆಲೆ, ಆರು ನಟರಿಗೆ ಆರು ಮಾರ್ಟಿನಿ ಗ್ಲಾಸು.

"ರೋಜರ್ ಮೂರ್. ಅವನ ಗ್ಲಾಸಿನಲ್ಲಿ ಇಳಿದು ಸ್ನಾನವನ್ನೇ ಮಾಡಬಹುದು," ಎಂದಳು ಸುಮಾ. "ಅಂದ ಹಾಗೆ, ಈ ಮೂಲೆಯಲ್ಲಿರುವುದು ಧೂಳೇ?"

"ಅದು ಜಾರ್ಜ್ ಲೇಜನ್‌ಬಿ."

ವೆಂಕಟೇಶನಿಗೆ ಕಾಫಿ ನೆತ್ತಿಗೇರಿತು. ಪತ್ರಿಕೆಯ ಪುಟವಿನ್ಯಾಸವೇ ಅವನ ಕಸುಬು. ಇಂಥದ್ದನ್ನು ಕಂಡರೆ ಮೈಯೆಲ್ಲ ಉರಿ. "ಮೂರ್‌ನದು 7 ಚಿತ್ರ, ಲೇಜನ್‌ಬಿಯದು 1969ರ ಒಂದೇ ಒಂದು. ಪುಣ್ಯಾತ್ಮ ಗ್ಲಾಸನ್ನು ಏಳು ಪಟ್ಟು ಎತ್ತರ ಮಾಡಿದ, ಸರಿ. ಆಕಾರ ಕೆಡಬಾರದೆಂದು ಅಗಲವನ್ನೂ ಏಳು ಪಟ್ಟು ಎಳೆದಿದ್ದಾನೆ! ಕಣ್ಣಿಗೆ ಬೀಳುವುದು ಹರವು ತಾನೇ? ಏಳೇಳಲ ನಲವತ್ತೊಂಬತ್ತು."

"ಗ್ಲಾಸೆಂದ ಮೇಲೆ ಆಳವೂ ಉಂಟಲ್ಲ," ಎಂದ ಗಣಿತದ ಮೇಷ್ಟ್ರು ಶ್ರೀಪಾದ. "ತುಂಬಿಸಿ ನೋಡಿದರೆ 343 ಪಟ್ಟು. ಪಾಪ, ಲೇಜನ್‌ಬಿಗೆ ಒಂದು ಉದ್ಧರಣೆ ತೀರ್ಥ."

"ಒಂದೇ ಅಳತೆಯ ಏಳು ಗ್ಲಾಸು ಸಾಲಾಗಿ ಇಟ್ಟಿದ್ದರೆ ಮುಗಿದಿತ್ತು," ಎಂದ ವೆಂಕಟೇಶ. " ವಿಯೆನ್ನಾದ ಒಟ್ಟೊ ನಾಯ್ರಾಟ್ 1920ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದಾನೆ. ಸಂಖ್ಯೆ ಹೆಚ್ಚಾದರೆ ಚಿಹ್ನೆಯನ್ನು ಉಬ್ಬಿಸಬಾರದು, ಅದನ್ನೇ ಮತ್ತೆ ಮತ್ತೆ ಇಡಬೇಕು. ಅವನ ಐಸೊಟೈಪ್ ಪದ್ಧತಿಯ ಬುನಾದಿಯೇ ಅದು."

"ಏಳು ಗ್ಲಾಸು ಮುಗಿಸಿದವನು ಆಮೇಲೆ ಗುರಿ ಇಡುವುದು ಹೇಗೆ?" ಎಂದಳು ಸುಮಾ.

ಕೆಳಗೆ ಗಳಿಕೆಯ ಕಂಬಗಳು. 2012ರ 'ಸ್ಕೈಫಾಲ್' ನೂರು ಕೋಟಿ ಡಾಲರ್ ದಾಟಿ ನೆತ್ತಿ ಮುಟ್ಟಿದೆ. ಸುಮಾರು 14 ಕೋಟಿ ಗಳಿಸಿದ 1965ರ 'ಥಂಡರ್‌ಬಾಲ್' ಬುಡದಲ್ಲಿ ಮುದುಡಿದೆ. ಹಣದುಬ್ಬರ ಸೇರಿಸಿ ನಿಲ್ಲಿಸಿದ್ದರೆ ಎರಡೂ ಹೆಗಲಿಗೆ ಹೆಗಲು ಕೊಡುತ್ತಿದ್ದವು.

"ಅದಿರಲಿ, ಗೆದ್ದವಕ್ಕೆ ಹಸಿರು, ಸೋತವಕ್ಕೆ ಕೆಂಪು ಬಳಿದಿದ್ದಾನೆ. ಈ ಎರಡನ್ನು ಬೇರ್ಪಡಿಸಲಾಗದ ಗಂಡಸರು ಎಷ್ಟಿಲ್ಲ!" ಎಂದು ವೆಂಕಟೇಶ ಮತ್ತೆ ಹೊತ್ತಿಕೊಂಡ.

"ಹಸಿರು ಎಲ್ಲಿದೆ?" ಎಂದ ಶ್ರೀಪಾದ. "ಎಲ್ಲವೂ ಕಂದು ತಾನೇ?"

ಇವನ ಸ್ಕೂಟರಿನ ಹಿಂದೆ ಕುಳಿತು ದಾಟಿದ ಸಿಗ್ನಲ್‌ಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಮಾತಾಡದೆ ಬೋಂಡಾ ಮುರಿದೆ.

ಹಾಳೆಯ ನಟ್ಟನಡುವೆ ಬಂದೂಕಿನ ನಳಿಗೆ. ವೆಂಕಟೇಶ ಅಲ್ಲಿಗೆ ಬಂದಾಗ ಸ್ವಲ್ಪ ತಣ್ಣಗಾದ. "ಬಾಂಡ್ ಚಿತ್ರಗಳ ಆರಂಭದಲ್ಲಿ ಬರುವ ಇದು ಶೀರ್ಷಿಕೆ ವಿನ್ಯಾಸಕ ಮಾರಿಸ್ ಬೈಂಡರ್‌ನ ಕಲ್ಪನೆ, 1962ರದು. ನಿರ್ಮಾಪಕರನ್ನು ಕಾಣಲು ಇಪ್ಪತ್ತೇ ನಿಮಿಷವಿತ್ತಂತೆ. ಕೈಗೆ ಸಿಕ್ಕ ಬೆಲೆಚೀಟಿಯ ಬಿಳಿ ಸ್ಟಿಕ್ಕರ್‌ಗಳೇ ಗುಂಡಿನ ಗುರುತುಗಳಾದವಂತೆ. ಇವತ್ತಿಗೂ ಆ ಬಿಳಿ ಚುಕ್ಕೆ ಪರದೆಯ ಮೇಲೆ ಸರಿದರೆ ಸಾಕು, ಹೆಸರು ಹೇಳಬೇಕಿಲ್ಲ. ಇವನೋ, ಅದರೊಳಗೆ ಹನ್ನೆರಡು ಬಣ್ಣದ ಪೈ ಚಾರ್ಟ್ ತುರುಕಿ, ಮಧ್ಯೆ ನಿಂತ ನೆರಳಿಗೆ 'ಶಾನ್ ಕಾನರಿ, 1962' ಎಂದು ಬರೆದಿದ್ದಾನೆ. ಮೊದಲ ಮೂರು ಚಿತ್ರಗಳಲ್ಲಿ ಅಲ್ಲಿ ನಡೆದು ಬರುವವನು ಸ್ಟಂಟ್ ಕಲಾವಿದ ಬಾಬ್ ಸಿಮನ್ಸ್!"

"ಬೈದದ್ದು ಸಾಕು, ನೀನೇ ಒಂದು ಮಾಡಿ ತೋರಿಸು," ಎಂದೆ.

ವೆಂಕಟೇಶ ಬಿಲ್ಲನ್ನು ಮಗುಚಿ ಬರೆದ: ಕಾನರಿ 6, ಲೇಜನ್‌ಬಿ 1, ಮೂರ್ 7, ಡಾಲ್ಟನ್ 2, ಬ್ರಾಸ್ನನ್ 4, ಕ್ರೇಗ್ 5. ಬಣ್ಣವಿಲ್ಲ, ಗ್ಲಾಸಿಲ್ಲ.

"ಕೂಡಿದರೆ 25. ಲೆಕ್ಕ ಸರಿ," ಎಂದ ಶ್ರೀಪಾದ.

"ರೇಷನ್ ಕಾರ್ಡಿಗೂ ಇದಕ್ಕಿಂತ ಹೆಚ್ಚು ಕಳೆ ಇರುತ್ತದೆ," ಎಂದಳು ಸುಮಾ. "ಅಲ್ಲದೆ ಕಾನರಿಯದು ಏಳಲ್ಲವೇ? 1983ರ 'ನೆವರ್ ಸೇ ನೆವರ್ ಅಗೇನ್' ಎಲ್ಲಿ ಹೋಯಿತು?"

"ಅದು ಬೇರೆ ನಿರ್ಮಾಪಕರದು, ಈ ಸರಣಿಗೆ ಸೇರುವುದಿಲ್ಲ."

"ಹಾಗೆಂದು ಇದರಲ್ಲಿ ಎಲ್ಲಿ ಬರೆದಿದ್ದೀಯ?"

ವೆಂಕಟೇಶ ಕಾನರಿಯ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಅಡಿಟಿಪ್ಪಣಿ ಶುರುಮಾಡಿದ. ಹಕ್ಕುಗಳ ಜಗಳ, ಕೋರ್ಟು, ಕಚೇರಿ ಎಂದು ಬರೆಯುತ್ತಾ ಹೋದಂತೆ ಬಿಲ್ಲಿನ ಹಿಂಬದಿ ಮುಗಿದುಹೋಯಿತು. ಶ್ರೀಪಾದ ಮಾಣಿಯನ್ನು ಕರೆದು ಇನ್ನೂ ನಾಲ್ಕು ಕಾಫಿ ಹೇಳಿದ. "ಎರಡೆರಡಾಗಿ ತಾ," ಎಂದ, "ಬಿಲ್ಲೂ ಬೇರೆ ಬೇರೆ ಕೊಡು."