ಮೊದಲ ಡೋಸಿಗೆ ಬಂದವರು ಮೂರನೆಯದಕ್ಕೆ ಬರುತ್ತಿಲ್ಲ: ಯಾರ ನೆರವು ಕೇಳಬೇಕು?

ಪ್ರಶ್ನೆ: ನಮ್ಮ ಕೇಂದ್ರದಲ್ಲಿ ಪೆಂಟಾ (ಐದು ರೋಗಗಳನ್ನು ತಡೆಯುವ ಮಕ್ಕಳ ಲಸಿಕೆ) ಮೊದಲ ಡೋಸ್ 200 ಮಕ್ಕಳಿಗೆ ಆಗಿದೆ, ಮೂರನೆಯದು 160ಕ್ಕೆ ನಿಂತಿದೆ. ಶಾಲೆ, ಧರ್ಮಗುರುಗಳು, ಮಹಿಳಾ ಸಂಘ, ಇವರಲ್ಲಿ ಯಾರನ್ನು ಮೊದಲು ಸೇರಿಸಿಕೊಳ್ಳಬೇಕು ಮೇಡಂ?

ಉತ್ತರ: ಎರಡೂ ಲೆಕ್ಕ ಅದೇ ಮಕ್ಕಳದ್ದೇ ಎಂದು ಮೊದಲು ನೋಡಿ, ಈ ತಿಂಗಳ ಮೊದಲ ಡೋಸನ್ನು ಈ ತಿಂಗಳ ಮೂರನೆಯದಕ್ಕೆ ಹೋಲಿಸಿದರೆ ದಾರಿ ತಪ್ಪುತ್ತೀರಿ. ಲೆಕ್ಕ ಸರಿಯಿದ್ದರೆ ಡ್ರಾಪ್‌ಔಟ್, ಅಂದರೆ ಮೊದಲ ಡೋಸ್ ಪಡೆದು ಮೂರನೆಯದಕ್ಕೆ ಬಾರದವರು, 20%. ಸಾಮಾನ್ಯವಾಗಿ 10% ದಾಟಿದರೇ ಕಾರಣ ಹುಡುಕಬೇಕು.

ಒಮ್ಮೆ ಬಂದವರು ಲಸಿಕೆಯ ವಿರೋಧಿಗಳಲ್ಲ, ಅವರಿಗೆ ಭಾಷಣ ಬೇಡ. ರಿಜಿಸ್ಟರ್ ತೆಗೆದು ತಪ್ಪಿದ 40 ಹೆಸರನ್ನು ಬೀದಿವಾರು ಬರೆದು, ಹತ್ತು ಹದಿನೈದು ಮನೆಗಾದರೂ ಹೋಗಿ ಕೇಳಿ. ಕೂಲಿ ತಪ್ಪುತ್ತದೆ ಎಂದರೆ ಕೆಲಸ ಕೊಡುವವರ ಜೊತೆ ಮಾತಾಡಿ, ಸಂಜೆ ಶಿಬಿರ ಇಡಿ. ಮೊದಲ ಸಲ ಜ್ವರ ಬಂದು ಹೆದರಿದ್ದರೆ ಮಹಿಳಾ ಸಂಘದವರು, ಔಷಧಿ ಅಂಗಡಿಯವರು ಹೇಳುವ ಸಮಾಧಾನ ಚೆನ್ನಾಗಿ ನಾಟುತ್ತದೆ. ಒಂದೂ ಡೋಸ್ ಹಾಕಿಸದ ಮನೆಗಳಿಗೆ ಧರ್ಮಗುರುಗಳು ಬೇಕಾಗಬಹುದು. ಆದರೆ ಅವರ ಸ್ವಂತ ಅನುಮಾನಗಳಿಗೆ ಮೊದಲು ಉತ್ತರ ಕೊಡಿ.

ಮರುಪ್ರಶ್ನೆ: ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಶಿಬಿರದ ದಿನ ಒಬ್ಬರೂ ಕಾಣಿಸುವುದಿಲ್ಲ. ತಪ್ಪಿದ ಮಕ್ಕಳ ಪಟ್ಟಿಯನ್ನು ಸಂಘದವರಿಗೆ ಕೊಡಬಹುದೇ?

ಉತ್ತರ: ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಜಾಗ, ನೆರಳು, ಕುರ್ಚಿ ಯಾರದು, ಯಾವ ಬೀದಿಗೆ ಯಾರು, ಖರ್ಚು ಯಾರದು. ‘ಸಂಘ ಸಹಕರಿಸುತ್ತದೆ’ ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ, ವ್ಯಕ್ತಿಯ ಹೆಸರೇ ಇರಲಿ. ಮೇಲಧಿಕಾರಿಯ ಅನುಮತಿ ಪಡೆದು ಅವರವರ ಬೀದಿಯ ಹೆಸರು, ವಿಳಾಸ, ಬರಬೇಕಾದ ದಿನಾಂಕ ಮಾತ್ರ ಕೊಡಿ. ಕಾಯಿಲೆಯ ವಿವರ ಬೇಡವೇ ಬೇಡ. ಶಿಬಿರ ಮುಗಿದ ಮೇಲೆ ಪಟ್ಟಿ ವಾಪಸ್ ಪಡೆಯಿರಿ. ಎರಡು ದಿನ ಮುಂಚೆ ಒಮ್ಮೆ, ಹಿಂದಿನ ಸಂಜೆ ಒಮ್ಮೆ ನೆನಪಿಸಬೇಕು. ‘ಇಷ್ಟು ಮಕ್ಕಳನ್ನು ಕರೆತನ್ನಿ’ ಎಂಬ ಗುರಿ ಮಾತ್ರ ಹೇರಬೇಡಿ; ಒತ್ತಾಯ ಶುರುವಾದರೆ ನಂಬಿಕೆ ಕೆಡುತ್ತದೆ.

ಇನ್ನೊಬ್ಬರ ಉತ್ತರ (ಲಸಿಕೆ ದಾಸ್ತಾನು ನೋಡಿಕೊಳ್ಳುವವರು): ಉಳಿದ ಲಸಿಕೆಯನ್ನು ಸಂಘದವರ ಮನೆ ಫ್ರಿಜ್‌ನಲ್ಲಿ ಇಡಬೇಡಿ. 2–8 ಡಿಗ್ರಿ ಸೆಲ್ಸಿಯಸ್ ಇರಬೇಕು, ಪೆಂಟಾ ಹೆಪ್ಪುಗಟ್ಟಿದರೆ ಕೆಟ್ಟಂತೆ. ದಡಾರ ಲಸಿಕೆಯ ಪುಡಿ ಕಲಸಿದ ಮೇಲೆ ಹೆಚ್ಚೆಂದರೆ 4 ಗಂಟೆಯೊಳಗೆ ಬಳಸಬೇಕು. ಹಾಗೆಂದು ‘ಇನ್ನೂ ನಾಲ್ವರು ಬರಲಿ, ಆಮೇಲೆ ವಯಲ್ (ಹಲವು ಡೋಸ್ ಇರುವ ಸೀಸೆ) ಒಡೆಯೋಣ’ ಅಂತ ಒಂದು ಮಗುವನ್ನು ವಾಪಸ್ ಕಳಿಸಿದರೆ ಆ ತಾಯಿ ಮತ್ತೆ ಬರುವುದು ಕಷ್ಟ. ವಯಲ್ ಪೋಲಾದರೂ ಸರಿ, ಒಡೆಯಿರಿ.

ಲಸಿಕೆಯ ನಂತರ ಮಗುವಿಗೆ ತೊಂದರೆಯಾದರೆ ಕರೆ ಮಾಡಬೇಕಾದ ಫೋನ್ ನಂಬರ್ ಸಂಘದವರ ಬಳಿ ಮೊದಲೇ ಇರಲಿ. ಅಂಥದ್ದು ನಡೆದ ದಿನವೇ ನಿಜ ಸಂಗತಿಯನ್ನು ನೀವೇ ಅವರಿಗೆ ತಿಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಕೇಳಿದವರು ಮುಂದಿನ ಶಿಬಿರಕ್ಕೆ ಬಾಗಿಲು ತೆರೆಯುವುದಿಲ್ಲ.