ಈಯಲು ತಿಂಗಳಿರುವ ಕುದುರೆಗೆ ಜಂತುಹುಳದ ಔಷಧ: ಯಾವುದು, ಎಷ್ಟು, ಯಾವಾಗ?

ಪ್ರಶ್ನೆ (ಲಾಯದ ಮಾಲೀಕ):
ಮಾರ್ವಾಡಿ ಹೆಣ್ಣು ಕುದುರೆ, ಗಬ್ಬ ಕಟ್ಟಿ 305 ದಿನ ಆಯಿತು. ಲದ್ದಿ ಪರೀಕ್ಷೆಯಲ್ಲಿ ಗ್ರಾಂಗೆ 650 ಸ್ಟ್ರಾಂಗೈಲ್ (ಕುದುರೆಯ ಕರುಳಿನ ಜಂತುಹುಳು) ಮೊಟ್ಟೆ ಬಂದಿದೆ. ಅಂಗಡಿಯಲ್ಲಿ ದನಕ್ಕೆ ಹಾಕುವ ಐವರ್ಮೆಕ್ಟಿನ್ ಇಂಜೆಕ್ಷನ್ ಮತ್ತು ಆಲ್ಬೆಂಡಜೋಲ್ ದ್ರಾವಣ ಮಾತ್ರ ಇವೆ. ಇವೆರಡರಲ್ಲಿ ಯಾವುದು ಸರಿ? ಈಗಲೇ ಕೊಡಬೇಕೇ, ಈದ ಮೇಲೋ? ತೂಕದ ಕಾಟಾ ಇಲ್ಲ. ಎದೆ ಸುತ್ತಳತೆ 170 ಸೆಂ.ಮೀ., ಉದ್ದ 140.

ಉತ್ತರ 1 (ಪಶುವೈದ್ಯ):
ಎರಡೂ ಬೇಡ ಸರ್. ಐವರ್ಮೆಕ್ಟಿನ್‌ನಿಂದ ಗಬ್ಬಕ್ಕೆ ತೊಂದರೆಯಿಲ್ಲ, ತೊಂದರೆ ಇರುವುದು ಸೂಜಿಯಲ್ಲಿ. ಕುದುರೆಯ ಮಾಂಸಖಂಡಕ್ಕೆ ಚುಚ್ಚಿದರೆ ಆ ಜಾಗ ಊದಿಕೊಳ್ಳುತ್ತದೆ, ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿ ಪ್ರಾಣಕ್ಕೇ ಬರುತ್ತದೆ. ಕುದುರೆಗೆಂದೇ ಬರುವ ಬಾಯಿಗೆ ಹಾಕುವ ಪೇಸ್ಟ್ ತರಿಸಿ, ಕಿಲೋ ತೂಕಕ್ಕೆ 0.2 ಮಿ.ಗ್ರಾಂ. ಆಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳುಗಳಲ್ಲಂತೂ ಮುಟ್ಟಲೇಬಾರದು. ಲೆವಮಿಸೋಲ್ ಸೇರಿದ ದನ-ಕುರಿಯ ಔಷಧಗಳೂ ಬೇಡ: ಕುದುರೆಗೆ ಅದರ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ.

ಫೆನ್‌ಬೆಂಡಜೋಲ್ (ಕಿಲೋಗೆ 7.5 ಮಿ.ಗ್ರಾಂ) ಗಬ್ಬದಲ್ಲಿ ಸುರಕ್ಷಿತವೇ. ಆದರೆ ಸಣ್ಣ ಸ್ಟ್ರಾಂಗೈಲ್ ಹುಳುಗಳು ಅದಕ್ಕೆ ಬಹಳ ಕಡೆ ಬಗ್ಗುವುದಿಲ್ಲ, ಹಾಗಾಗಿ 650ಕ್ಕೆ ಅದನ್ನು ನಂಬಲಾರೆ.

ಉತ್ತರ 2 (ಸ್ಟಡ್ ಫಾರ್ಮ್ ಮೇಲ್ವಿಚಾರಕ):
ತೂಕದ ಲೆಕ್ಕ: ಸುತ್ತಳತೆ × ಸುತ್ತಳತೆ × ಉದ್ದ ÷ 11,880. ನಿಮ್ಮ ಅಳತೆಗೆ ಸುಮಾರು 340 ಕಿಲೋ. ಟೇಪು ಮುಂಗಾಲಿನ ಹಿಂದೆ ಸುತ್ತುವುದರಿಂದ ಹೊಟ್ಟೆಯಲ್ಲಿರುವ ಮರಿಯ ತೂಕ ಇದರಲ್ಲಿ ಪೂರ್ತಿ ಸೇರುವುದಿಲ್ಲ. ಪೇಸ್ಟ್ ಸಿರಿಂಜ್‌ನ ತಿರುಗಣೆಯನ್ನು 400 ಕಿಲೋ ಗುರುತಿಗೆ ಇಡಿ. ಐವರ್ಮೆಕ್ಟಿನ್ ಅಷ್ಟು ಹೆಚ್ಚಾದರೆ ಕುದುರೆಗೆ ಏನೂ ಆಗದು, ಕಡಿಮೆಯಾದರೆ ಹುಳು ಸಾಯದೆ ಔಷಧಕ್ಕೇ ಒಗ್ಗಿಕೊಳ್ಳುತ್ತದೆ.

ಕೊಡುವಾಗ ಬಾಯಲ್ಲಿ ಒಂದೆಳೆ ಹುಲ್ಲೂ ಇರಬಾರದು, ಹುಲ್ಲಿನ ಉಂಡೆ ಜೊತೆ ಪೇಸ್ಟನ್ನೂ ಉಗುಳಿಬಿಡುತ್ತದೆ. ಹಲ್ಲಿಲ್ಲದ ಸಂದಿಯಿಂದ ಸಿರಿಂಜ್ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಒತ್ತಿ, ನುಂಗುವವರೆಗೆ ತಲೆ ಎತ್ತಿ ಹಿಡಿಯಿರಿ. ಆಮೇಲೆ ನೆಲ ನೋಡಿ. ಬಿದ್ದ ಪೇಸ್ಟನ್ನು ನಾಯಿ ನೆಕ್ಕದಂತೆ ಒರೆಸಿ, ಕೋಲಿ (Collie) ತಳಿಯ ನಾಯಿಗಳಿಗೆ ಅದು ವಿಷ.

ಉತ್ತರ 3 (ಕುದುರೆ ಸಾಕಣೆದಾರ):
ಯಾವಾಗ ಎನ್ನುವುದಕ್ಕೆ ನನ್ನ ಅಭಿಪ್ರಾಯ: ಈಗಲೇ ಬೇಕಿಲ್ಲ. ಕುದುರೆ ಮೈತುಂಬಿಕೊಂಡಿದ್ದು ಲದ್ದಿ ಗಟ್ಟಿಯಿದ್ದರೆ, ಈದ 24 ಗಂಟೆಯೊಳಗೆ ಐವರ್ಮೆಕ್ಟಿನ್ ಕೊಟ್ಟರೆ ಸಾಕು. ಸ್ಟ್ರಾಂಗೈಲಾಯ್ಡಿಸ್ ಎಂಬ ದಾರದಂಥ ಹುಳುವಿನ ಮರಿಹುಳುಗಳು ತಾಯಿಯ ಹಾಲಿನಲ್ಲೇ ಇಳಿದು ಮರಿಗೆ ಸೇರುತ್ತವೆ, ಆ ದಿನದ ಔಷಧ ಅದನ್ನು ಬಹುಮಟ್ಟಿಗೆ ತಡೆಯುತ್ತದೆ.

ಉತ್ತರ 1 (ಪಶುವೈದ್ಯ):
ಈಯುವ ದಿನದ ಔಷಧಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಗಬ್ಬದ ಅವಧಿ 320ರಿಂದ 365 ದಿನದವರೆಗೆ ಹಿಗ್ಗುತ್ತದೆ. ಇವರು ಎಂಟು ವಾರ ಕಾಯಬೇಕಾಗಬಹುದು, ಅಷ್ಟೂ ದಿನ ಮೊಟ್ಟೆ ಮೇವಿನ ಜಾಗಕ್ಕೆ ಬೀಳುತ್ತಲೇ ಇರುತ್ತದೆ. ಬೇರೆ ಕುದುರೆಗಳ ಜೊತೆ ಬಯಲಿಗೆ ಬಿಡುತ್ತಿದ್ದರೆ ಈಗಲೇ ಕೊಡಿ. ಲಾಯದಲ್ಲೇ ಕಟ್ಟಿ ದಿನಾ ಲದ್ದಿ ಎತ್ತುತ್ತಿದ್ದರೆ ಕಾಯಬಹುದು. ಕೊಟ್ಟ 14ನೇ ದಿನ ಮತ್ತೆ ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಶೇ. 95ರಷ್ಟಾದರೂ ಇಳಿದಿರಬೇಕು. ಹೊಸದಾಗಿ ಬಿದ್ದ ಮೂರು-ನಾಲ್ಕು ಉಂಡೆಗಳನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ತಂಪಾಗಿ ಒಯ್ಯಿರಿ, ಫ್ರೀಜರ್‌ನಲ್ಲಿ ಇಡಬೇಡಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ.

ಪ್ರಶ್ನೆ (ಲಾಯದ ಮಾಲೀಕ):
ಬಯಲಿಗೆ ಬಿಡುತ್ತೇವೆ, ಹಾಗಾದರೆ ಈಗಲೇ ಕೊಡುತ್ತೇನೆ. ಒಂದು ಪೇಸ್ಟ್‌ನಲ್ಲಿ ಪ್ರಾಜಿಕ್ವಾಂಟೆಲ್ ಕೂಡ ಇದೆ, ಪರವಾಗಿಲ್ಲವೇ? ಮರಿಗೆ ಯಾವಾಗ ಶುರು ಮಾಡಬೇಕು?

ಉತ್ತರ 2 (ಸ್ಟಡ್ ಫಾರ್ಮ್ ಮೇಲ್ವಿಚಾರಕ):
ಪ್ರಾಜಿಕ್ವಾಂಟೆಲ್ ಲಾಡಿಹುಳಕ್ಕೆ. ಗಬ್ಬದ ಕುದುರೆಗೆ ಕೊಡಬಹುದೆಂದು ಲೇಬಲ್ ಮೇಲೆ ಸ್ಪಷ್ಟವಾಗಿದ್ದರೆ ಮಾತ್ರ ಕೊಡಿ, ಇಲ್ಲದಿದ್ದರೆ ಬರೀ ಐವರ್ಮೆಕ್ಟಿನ್ ಇರುವುದನ್ನೇ ತನ್ನಿ.

ಮರಿಗೆ ಎರಡು ತಿಂಗಳು ತುಂಬಿದ ಮೇಲೆ ಫೆನ್‌ಬೆಂಡಜೋಲ್, ಕಿಲೋಗೆ 10 ಮಿ.ಗ್ರಾಂ. ಮರಿಗಳ ದುಂಡುಹುಳು ಅನೇಕ ಕಡೆ ಐವರ್ಮೆಕ್ಟಿನ್‌ಗೆ ಸಾಯುವುದಿಲ್ಲ. ಹುಟ್ಟಿದ ಎರಡನೇ ವಾರದಲ್ಲಿ ಭೇದಿಯಾದರೆ ತಕ್ಷಣ ಜಂತಿನ ಔಷಧಕ್ಕೆ ಕೈಹಾಕಬೇಡಿ, ಆ ವಯಸ್ಸಿನಲ್ಲಿ ಅದು ಸಾಮಾನ್ಯ. ಮರಿ ಮಂಕಾಗಿ ಹಾಲು ಕುಡಿಯುವುದನ್ನು ಬಿಟ್ಟರೆ ಮಾತ್ರ ಅದೇ ಹೊತ್ತಿಗೆ ವೈದ್ಯರನ್ನು ಕರೆಸಿ.